ವಂಟಮೂರಿ ಘಾಟ್ ಮತ್ತು ಎಂಜಿಬಿಯ ರೇಡಿಯೇಟರ್

12 ಏಪ್ರಿಲ್ 2025, ಶನಿವಾರ
ಬೆಳಗಾವಿ

ಊರೊಳಗೆ ನಮ್ಮ ಎಂಜಿಬಿ, ಅಂದರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಬಿಸಿಯಾಗುವುದೇ ಇಲ್ಲ. ಚನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಂತರೂ ಟೆಂಪರೇಚರ್ ಮುಳ್ಳು ಕದಲುವುದಿಲ್ಲ. ಕಾಕತಿ ದಾಟಿ ವಂಟಮೂರಿ ಘಾಟ್ ಏರತೊಡಗಿದರೆ ಮಾತ್ರ ಸರಸರ ಮೇಲೆ ಹೋಗುತ್ತದೆ. 1967ರ ಗಾಡಿ, 1798 ಸಿಸಿ ಎಂಜಿನ್, ಬೆಲ್ಟಿನಿಂದ ತಿರುಗುವ ಫ್ಯಾನ್. ತೊಂದರೆ ಫ್ಯಾನಿನದಾಗಿದ್ದರೆ ನಿಂತಾಗ ಕಾಯಬೇಕಿತ್ತು, ಓಡುವಾಗ ಗಾಳಿ ತಾನಾಗಿಯೇ ಬರುತ್ತದಲ್ಲ. ಓಡುವಾಗ ಕಾಯುತ್ತಿದೆ ಎಂದರೆ ನೀರಿನ ಹರಿವನ್ನೇ ಮೊದಲು ಅನುಮಾನಿಸಬೇಕು.

ಗ್ಯಾರೇಜಿನ ಕಾಕಾ ನೋಡಿದವರೇ, "ಥರ್ಮೋಸ್ಟಾಟ್ ತೆಗದ ಒಗೀರಿ ಸಾಹೇಬ್ರ, ನಮ್ಮ ಬಿಸಲಿಗೆ ಅದ್ಯಾಕ ಬೇಕ್ರಿ?" ಅಂದರು. ನಮ್ಮ ಕಡೆ ಬಿಸಿಯಾಗುವ ಹಳೇ ಗಾಡಿಗೆಲ್ಲ ಇದೇ ಔಷಧ. ನಾನು ಒಪ್ಪುವುದಿಲ್ಲ. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ ಅದು. ಅದಿಲ್ಲದಿದ್ದರೆ ಎಂಜಿನ್ ತನ್ನ ಶಾಖಕ್ಕೆ ಬರಲು ತಡವಾಗುತ್ತದೆ, ಅಷ್ಟು ಹೊತ್ತೂ ಸಿಲಿಂಡರ್ ಸವೆಯುತ್ತದೆ. "ಬ್ಯಾಡ್ರಿ ಕಾಕಾ, ಮೊದ್ಲ ಕಾಸಿ ನೋಡೂಣು" ಅಂದೆ. ಪಾತೇಲಿಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಟ್ಟು ಕಾಸಿದೆವು. 82 ಡಿಗ್ರಿಗೆ ಬಾಯಿ ಬಿಡತೊಡಗಿತು. ಅದರದೇನೂ ತಪ್ಪಿಲ್ಲ.

ಕಿಡಿ ಹಾರುವ ಟೈಮಿಂಗ್ ಸರಿ ಇತ್ತು. ಕಿಡಿ ತಡವಾದರೆ ಉರಿಯೂ ತಡವಾಗಿ, ಶಾಖವೆಲ್ಲ ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ಹೊಡೆಯುತ್ತದೆ, ಅದಕ್ಕೇ ನೋಡಿದ್ದು. ತಣ್ಣಗಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಶುರು ಮಾಡಿದರೆ ನೀರಿನಲ್ಲಿ ಗುಳ್ಳೆ ಏಳಲಿಲ್ಲ, ಅಲ್ಲಿಗೆ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆಯೇನೋ ಎಂಬ ಚಿಂತೆಯೂ ಹೋಯಿತು.

ಉಳಿದದ್ದು ರೇಡಿಯೇಟರ್. ಬಿಸಿ ಎಂಜಿನ್ನಿನಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಜಾಲರಿಯ ಮೇಲೆ ಅಡ್ಡಡ್ಡ ಆಡಿಸಿದರೆ ಎರಡು ಬದಿಯೂ ಸುಡುತ್ತಿವೆ, ನಡುವಿನ ಪಟ್ಟಿ ತಣ್ಣಗೆ. ಅಲ್ಲಿ ನೀರೇ ಇಳಿಯುತ್ತಿಲ್ಲ! ಉದ್ಯಮಬಾಗದಲ್ಲಿ ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ಎತ್ತಿದಾಗ ನಡುವಿನ ಕೊಳವೆಗಳ ತುಂಬ ಬಿಳಿ ಸುಣ್ಣ. ಹಿಂದೆ ಯಾರೋ ವರ್ಷಗಟ್ಟಲೆ ಬೋರ್ ನೀರು ಹಾಕಿದ್ದಾರೆ. ಗಡಸು ನೀರು ಕಾದಾಗ ಅದರೊಳಗಿನ ಕ್ಯಾಲ್ಸಿಯಂ ಗಟ್ಟಿಯಾಗಿ ಗೋಡೆಗೆ ಕೂರುತ್ತದೆ, ನೀರಿನಿಂದ ಲೋಹಕ್ಕೆ ಶಾಖ ದಾಟಲು ಬಿಡುವುದಿಲ್ಲ. ಒಂದೊಂದೇ ಕೊಳವೆಗೆ ಸರಳು ತೂರಿಸಿ ಕೆರೆದರು. ತಾಮ್ರ-ಹಿತ್ತಾಳೆಯ ರೇಡಿಯೇಟರಿನ ಭಾಗ್ಯವೇ ಇದು. ಬಿಚ್ಚಬಹುದು, ತೊಳೆಯಬಹುದು, ಮತ್ತೆ ಬೆಸೆಯಬಹುದು. ಈಗಿನ ಪ್ಲಾಸ್ಟಿಕ್ ಟ್ಯಾಂಕಿನವನ್ನು ಸೀದಾ ಗುಜರಿಗೆ ಹಾಕುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಬ್ಲಾಕಿನ ಹಿಂಬದಿಯ ನೀರು ಬಿಡುವ ನಲ್ಲಿ ತಿರುವಿದರೆ ಹನಿಯೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಕೆಂಪು ಕೆಸರು ಸುರಿಯಿತು. ನಾಲ್ಕನೇ ಸಿಲಿಂಡರಿನ ಬುಡದಲ್ಲೇ ಅದು ಕೂತಿತ್ತು. ತಿಳಿನೀರು ಬರುವ ತನಕ ಪೈಪು ಬಿಟ್ಟೆವು. ಥರ್ಮೋಸ್ಟಾಟನ್ನು ಕಾಕಾನೇ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರು. ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ, ಗಾಳಿ ಸಿಕ್ಕಿಕೊಳ್ಳದಂತೆ ಹೀಟರ್ ವಾಲ್ವ್ ತೆರೆದಿಟ್ಟು ತುಂಬಿದೆ.

ಮಧ್ಯಾಹ್ನದ ಬಿಸಿಲಲ್ಲೇ ಘಾಟ್ ಹತ್ತಿಸಿದೆ. ಮುಳ್ಳು ತುಸು ಏರಿ ಅಲ್ಲೇ ನಿಂತಿತು.

ಕೆಳಗಿನ ಹೋಸ್ ಪೈಪು ಒತ್ತಿದರೆ ಮೆತ್ತಗಿದೆ. ಪಂಪು ನೀರೆಳೆಯುವ ಬದಿ ಅದು, ಜೋರಾಗಿ ಓಡುವಾಗ ಒಳಕ್ಕೆ ಚಪ್ಪಟೆಯಾಗಿ ದಾರಿ ಕಟ್ಟಬಹುದು. ಚೋರ್ಲಾ ಘಾಟ್ ಕಡೆ ಹೊರಡುವ ಮುಂಚೆ ಬದಲಿಸಬೇಕು.