ಕಾತ್ರಜ್‌ನಿಂದ ಸಿಂಹಗಡಕ್ಕೆ: ವಾಚು ಹೇಳುವ ಏರಿಕೆ ನಂಬಿ ಹೊರಡಬೇಡಿ

ಪುಣೆಯ ಕಾತ್ರಜ್ ಘಾಟಿನಿಂದ ಸಿಂಹಗಡ ಕೋಟೆಗೆ ರಾತ್ರಿ ಚಾರಣ ಹೊರಡುವವರು ಮೊದಲು ಕೇಳೋದು, "ಒಟ್ಟು ಎಷ್ಟು ಹತ್ತಬೇಕು?" ಅಂತ. ಇದಕ್ಕೆ ಒಂದೊಂದು ವಾಚು ಒಂದೊಂದು ಉತ್ತರ ಕೊಡುತ್ತೆ. ನಾನೂ ನಮ್ಮ ಭಾವನೂ ದಾರಿಯುದ್ದಕ್ಕೂ ಜೊತೆಯಲ್ಲೇ ನಡೆದೆವು. ಕೊನೆಗೆ ನನ್ನ ವಾಚು 1,090 ಮೀಟರ್ ಏರಿಕೆ ತೋರಿಸಿತು. ಅವರದ್ದು 1,640. ದೂರ ಮಾತ್ರ ಇಬ್ಬರದ್ದೂ 16 ಕಿಲೋಮೀಟರ್ ಹತ್ತಿರ, ಹೆಚ್ಚು ಕಮ್ಮಿ ಒಂದೇ.

ಭಾವನಿಗೆ ಆ ವಾಚು ಮಾರಿದ ಅಂಗಡಿಯವರು "ಇದರಲ್ಲಿ ಆಲ್ಟಿಮೀಟರ್ ಇದೆ ಸರ್" ಅಂದಿದ್ದರಂತೆ. ಇದ್ದದ್ದು ಬರೀ ಜಿಪಿಎಸ್ ಎತ್ತರ. ಗಾಳಿಯ ಒತ್ತಡ ಅಳೆದು ಎತ್ತರ ಲೆಕ್ಕ ಹಾಕುವ ಸೆನ್ಸರ್, ಅಂದ್ರೆ ಬ್ಯಾರೋಮೀಟರ್, ನನ್ನದರಲ್ಲಿದೆ, ಅದರಲ್ಲಿ ಇಲ್ಲವೇ ಇಲ್ಲ. ಬೆಟ್ಟಕ್ಕೆ ಅಂತಲೇ ವಾಚು ತಗೊಳ್ಳುವವರು "ಬ್ಯಾರೋಮೀಟರ್ ಇದೆಯಾ" ಅಂತ ನೇರವಾಗಿ ಕೇಳಿ, ಡಬ್ಬಿಯ ಮೇಲೆ ಬರೆದಿರೋದನ್ನು ನೋಡಿಯೇ ದುಡ್ಡು ಕೊಡಿ. ಇದನ್ನು ಬಚ್ಚಿಟ್ಟು ಮಾರೋದು ಮೋಸವೇ.

ಜಿಪಿಎಸ್‌ಗೆ ಎತ್ತರ ಯಾಕೆ ಕಷ್ಟ ಅಂದ್ರೆ, ವಾಚಿಗೆ ಕಾಣುವ ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೇ ಇರುತ್ತವೆ. ಅಡ್ಡ ದಿಕ್ಕಿನಲ್ಲಾದರೆ ಎರಡೂ ಕಡೆಯಿಂದ ಸಿಗ್ನಲ್ ಬಂದು ತಪ್ಪು ಸರಿಹೋಗುತ್ತೆ. ಕೆಳಗಿನಿಂದ ಯಾವ ಸಿಗ್ನಲ್ಲೂ ಬರಲ್ಲ. ಹಾಗಾಗಿ ಸಮತಟ್ಟು ದಾರಿಯಲ್ಲೂ ಎತ್ತರ ಮೇಲೆ ಕೆಳಗೆ ಅಲುಗಾಡುತ್ತೆ, ಮೇಲೆ ಹೋದ ಪ್ರತಿ ಅಲುಗಾಟವೂ ಏರಿಕೆಯ ಲೆಕ್ಕಕ್ಕೆ ಸೇರುತ್ತೆ. ಒಂದೇ ಗುಡ್ಡ ಹತ್ತಿ ಇಳಿಯುವಾಗ ಇದು ಅಷ್ಟು ಗೊತ್ತಾಗಲ್ಲ. ಇಲ್ಲಿ ಗುಡ್ಡದ ಮೇಲೆ ಗುಡ್ಡ, ಹತ್ತು ಇಳಿ ಹತ್ತು ಇಳಿ, ಅದೂ ಇಡೀ ರಾತ್ರಿ.

ಹಾಗಂತ ಬ್ಯಾರೋಮೀಟರ್ ಇದ್ದರೆ ಎಲ್ಲ ಸರಿ ಅಂತಲ್ಲ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಈ ಎತ್ತರದಲ್ಲಿ ಅದು 1 ಮಿಲಿಬಾರ್ ಇಳಿದರೆ ವಾಚು ಸುಮಾರು 9 ಮೀಟರ್ ಹತ್ತಿದಿರಿ ಅಂತ ತಿಳಿಯುತ್ತೆ. ನಮ್ಮ ಕಡೆ ಹವಾಮಾನ ಚೆನ್ನಾಗಿದ್ದರೂ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ರಾತ್ರಿ 10ರ ಸುಮಾರಿಗೆ ಜಾಸ್ತಿ, ಬೆಳಗಿನ ಜಾವ 4ಕ್ಕೆ ಕಮ್ಮಿ. ಚಾರಣದ ಹೊತ್ತೂ ಅದೇ, ಅಲ್ವಾ? ನಡುರಾತ್ರಿ ದಾಟಿದ ಮೇಲೆ ಒಂದು ಬಂಡೆ ಮೇಲೆ ಕೂತು ಚಕ್ಕುಲಿ ತಿಂದೆವು. ಏಳುವಾಗ ಟಾರ್ಚ್ ಬೆಳಕಲ್ಲಿ ನೋಡಿದರೆ ನನ್ನ ವಾಚು ಕೂತಲ್ಲೇ ಎರಡು ಮೀಟರ್ ಮೇಲೆ ಹೋಗಿತ್ತು. "ಭಾವ, ನಾವು ಹತ್ತುತ್ತಾ ಇದ್ದೀವಂತೆ ನೋಡಿ" ಅಂದೆ. ಬೆಳಗಾಗುವಷ್ಟರಲ್ಲಿ ಈ ಕಾರಣಕ್ಕೇ 15-20 ಮೀಟರ್ ತಪ್ಪಬಹುದು. ಮಳೆ ಮೋಡ ಕವಿದರೆ ಇನ್ನೂ ಜಾಸ್ತಿ. ಬೆವರು, ಧೂಳು ಸೇರಿ ಸೆನ್ಸರಿನ ಸಣ್ಣ ತೂತು ಮುಚ್ಚಿಕೊಂಡರಂತೂ ಏನೇನೋ ತೋರಿಸುತ್ತೆ. ನೀರಲ್ಲಿ ತೊಳೆಯಿರಿ, ಪಿನ್ ಮಾತ್ರ ಹಾಕಬೇಡಿ.

ಹೊರಡುವ ಜಾಗದಲ್ಲೇ ವಾಚಿಗೆ ಎತ್ತರ ಹಾಕಿಕೊಳ್ಳಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 20 ಮೀಟರಿಗೊಂದು ಎತ್ತರದ ಗೆರೆ ಇರುತ್ತೆ, ಅದು ಸಾಕು. ಮೊಬೈಲಿನ ಕೆಲವು ಆ್ಯಪ್‌ಗಳು ತೋರಿಸುವ ಕಚ್ಚಾ ಜಿಪಿಎಸ್ ಎತ್ತರ ಮಾತ್ರ ಬೇಡ. ಜಿಪಿಎಸ್ ಲೆಕ್ಕ ಹಿಡಿಯೋದು ಭೂಮಿಯ ಗಣಿತದ ಆಕಾರದಿಂದ. ನಮ್ಮ ದೇಶದಲ್ಲಿ ನಿಜವಾದ ಸಮುದ್ರಮಟ್ಟ ಅದಕ್ಕಿಂತ ಹತ್ತಾರು ಮೀಟರ್ ಕೆಳಗಿದೆ. ಮುಂಬೈಯ ಜುಹು ಬೀಚಲ್ಲಿ ನಿಂತು ನೋಡಿ, ಅಂಥ ಆ್ಯಪ್ ಮೈನಸ್ ತೋರಿಸುತ್ತೆ.

ಮನೆಗೆ ಬಂದು ಆ್ಯಪಿನಲ್ಲಿ "ಎತ್ತರ ಸರಿಪಡಿಸು" ಒತ್ತಿದರೆ ಮೂರನೇ ಅಂಕಿ ಬರುತ್ತೆ. ಇಂಥ ಲೆಕ್ಕಕ್ಕೆ ಹೆಚ್ಚಾಗಿ ಬಳಸೋದು 2000ದ ಫೆಬ್ರವರಿಯಲ್ಲಿ ನಾಸಾ ನೌಕೆ ರಾಡಾರಿನಿಂದ ಅಳೆದ ನಕ್ಷೆಯಂಥವು. ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ಸಹ್ಯಾದ್ರಿಯ ಕಿರಿದಾದ ಏಣಿನ (ಗುಡ್ಡದ ಬೆನ್ನಿನ) ಮೇಲೆ ಅಷ್ಟು ಜಾಗದಲ್ಲಿ ತುದಿಯೂ ಬರುತ್ತೆ, ಪಕ್ಕದ ಇಳಿಜಾರೂ ಬರುತ್ತೆ. ಬಯಲಿಗೆ ಸರಿ, ಈ ದಾರಿಗೆ ಅಲ್ಲ.

ಹಾಗಾಗಿ ಮೀಟರ್ ಎಣಿಸಬೇಡಿ, ಗುಡ್ಡ ಎಣಿಸಿ, ಗಂಟೆ ನೋಡಿ. ವಾಚಿನ ನಿಜವಾದ ಉಪಯೋಗ ದಾರಿ ತೋರಿಸೋದು. ದನ ಓಡಾಡಿದ ಕಾಲುದಾರಿಗಳು ರಾತ್ರಿ ತುಂಬಾ ದಾರಿ ತಪ್ಪಿಸುತ್ತವೆ. ದಾರಿಯ ಗುರುತು ಇರುವ ಜಿಪಿಎಕ್ಸ್ ಫೈಲ್ ವಾಚಿಗೆ ಹಾಕಿಕೊಂಡು ಹೋಗಿ. ಏಣಿನ ಮೇಲೆ ಆಕಾಶ ಪೂರ್ತಿ ತೆರೆದಿರುತ್ತೆ, ಸಾದಾ ಜಿಪಿಎಸ್ಸೇ ಸಾಕು. ಇನ್ನೂ ನಿಖರ ಅನ್ನೋ ಎರಡು ಫ್ರೀಕ್ವೆನ್ಸಿಯ ಮೋಡ್ ಹಾಕಿ ಬ್ಯಾಟರಿ ಸುಮ್ನೆ ಸುಡಬೇಡಿ.

ಕಾತ್ರಜ್ ಚೌಕದಿಂದ, ಚಾರಣ ಶುರುವಾಗುವ ಹಳೇ ಸುರಂಗದ ಹತ್ತಿರದ ವಾಘಜಾಯಿ ಗುಡಿಗೆ ಆಟೋದವರು 500 ಕೇಳಿದರು. ಘಾಟಿನ ಒಂದು ತುಂಡು ದಾರಿಗೆ ಇದು ಸುಲಿಗೆ. ನಾಲ್ಕು ಜನ ಸೇರಿ ಹೋಗಿ. ಶನಿವಾರ ರಾತ್ರಿ ಬೇಡ. ಸ್ಪೀಕರ್ ಹಿಡಿದ ಗುಂಪುಗಳ ಹಿಂದೆ ಸಾಲಾಗಿ ಇಳಿಯೋದು ನನಗಂತೂ ಹಿಂಸೆ.

ಸಿಂಹಗಡದ ಮೇಲೆ ಊರಿನ ಹೆಂಗಸರು ನಡೆಸುವ ಗುಡಿಸಲಿನಂಥ ಖಾನಾವಳಿಗಳಿವೆ. ದೊಡ್ಡ ಬೋರ್ಡ್ ಇರೋದನ್ನು ಬಿಟ್ಟು, ಒಲೆಯಲ್ಲಿ ಕಟ್ಟಿಗೆ ಉರಿಯುವ ಕಡೆ ಹೋಗಿ. ನಮಗೆ ಬಡಿಸಿದ ಮಾವಶಿ ಭಾಕರಿಯನ್ನು ಕೈಯಲ್ಲೇ ತಟ್ಟಿ, ಹಂಚಿನಿಂದ ತೆಗೆದು ಕೆಂಡದ ಪಕ್ಕ ನಿಲ್ಲಿಸಿ ಉಬ್ಬಿಸಿದರು. ಪಿಠಲ ನಮ್ಮ ಧಾರವಾಡದ ಜುಣಕದ ಹಾಗೇ, ಸ್ವಲ್ಪ ತೆಳು, ಬೆಳ್ಳುಳ್ಳಿ ಜಾಸ್ತಿ. ಜೊತೆಗೆ ಹಸಿಮೆಣಸಿನ ಠೇಚಾ, ಹಸಿ ಈರುಳ್ಳಿ. ಭಾವ ಮೂರನೇ ಭಾಕರಿಗೂ ಕೈ ಒಡ್ಡಿದರು. ಮೇಲೆ ಪುಟ್ಟ ಮಡಕೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು, ಮಣ್ಣಿನ ವಾಸನೆ ಸಮೇತ. ಇಬ್ಬರದ್ದೂ ಸೇರಿ ಆಟೋ ದುಡ್ಡಿಗಿಂತ ಕಮ್ಮಿ ಆಯ್ತು.

ಅಲ್ಲಿ ಕೂತಾಗ ವಾಚು 1,312 ಮೀಟರ್ ತೋರಿಸಲಿಲ್ಲ ಅಂತ ಗಾಬರಿ ಬೇಡ. ಅದು ಗಡದ ತುತ್ತತುದಿಯ ಎತ್ತರ, ಖಾನಾವಳಿಗಳು ಅದಕ್ಕಿಂತ ಕೆಳಗಿವೆ. ಇಳಿಯಲು ಶೇರ್ ಜೀಪ್ ಸಿಗುತ್ತೆ, ಬುಡದಿಂದ ಪುಣೆಯ ಸ್ವಾರಗೇಟ್‌ಗೆ ಬಸ್ಸಿದೆ. ಭಾನುವಾರವಾದರೆ ಘಾಟಿನಲ್ಲಿ ಗಾಡಿ ಸಾಲು ನಿಲ್ಲುತ್ತೆ, ಬುಡದಲ್ಲಿರುವ ಅತ್ಕರವಾಡಿ ಹಳ್ಳಿ ಕಡೆ ನಡೆದೇ ಇಳಿಯಿರಿ. ಜೀಪ್ ಹತ್ತುವುದಾದರೆ ಮೊದಲು ವಾಚು ನಿಲ್ಲಿಸಿ ಸೇವ್ ಮಾಡಿ, ಇಲ್ಲದಿದ್ದರೆ ಘಾಟಿನ ದೂರವೂ ನಿಮ್ಮ ನಡಿಗೆಗೇ ಸೇರಿಬಿಡುತ್ತೆ.