ಸಗಣಿ ಸಿಗದ ಊರಿನಲ್ಲಿ ಹಟ್ಟಿ ಹಬ್ಬ

“ಅಮ್ಮಾ, ಪಾಂಡವರನ್ನು ಕ್ಲೇಯಲ್ಲಿ ಮಾಡಿದರೆ ಅವರಿಗೆ ಗೊತ್ತಾಗುತ್ತದೆಯಾ?”

ಅಮಾವಾಸ್ಯೆಯ ರಾತ್ರಿ ಹಿರಿಯರ ಎಡೆ ಎತ್ತಿಟ್ಟು, ಮರುದಿನಕ್ಕೆ ಬತ್ತಿ ಹೊಸೆಯುತ್ತಾ ಕುಳಿತಿದ್ದಾಗ ಏಳು ವರ್ಷದ ಮಗಳು ಕೇಳಿದ ಪ್ರಶ್ನೆ ಇದು. ಅವಳ ಮುಂದೆ ಬಣ್ಣಬಣ್ಣದ ಮೆತ್ತನೆಯ ಮಣ್ಣಿನ ಡಬ್ಬಿಗಳಿದ್ದವು. ಭೀಮನಿಗೆ ನೀಲಿ, ಅರ್ಜುನನಿಗೆ ಹಸಿರು ಎಂದು ಹಂಚಿಕೆಯೂ ಮುಗಿದಿತ್ತು. ನಕುಲ ಸಹದೇವರು ಅವಳಿಗಳಾದ್ದರಿಂದ ಇಬ್ಬರಿಗೂ ಒಂದೇ ಬಣ್ಣ ಸಾಕಂತೆ. ಗೊತ್ತಾಗುತ್ತದೆ ಎಂದೆ. ಹೇಗೆ ಎಂದಳು. ವಾಸನೆಯಿಂದ ಎಂದೆ. ಅವಳಿಗೆ ಅಷ್ಟು ಸಾಕಾಯಿತು, ಡಬ್ಬಿ ಮುಚ್ಚಿ ಮಲಗಿದಳು. ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಗುರುಗ್ರಾಮಕ್ಕೆ ಬಂದು ಒಂಬತ್ತು ದೀಪಾವಳಿಗಳಾದವು. ಎಂಟನ್ನು ಇಲ್ಲಿಯವರ ಹಾಗೆಯೇ ಮುಗಿಸಿದ್ದೆವು: ಹಣತೆ ಹಚ್ಚುವುದು, ಅಕ್ಕಪಕ್ಕದವರೊಂದಿಗೆ ಮಿಠಾಯಿ ಡಬ್ಬಿ ಅದಲುಬದಲು ಮಾಡಿಕೊಳ್ಳುವುದು, ಹೊಗೆಗೆ ಹೆದರಿ ಕಿಟಕಿ ಮುಚ್ಚಿಕೊಳ್ಳುವುದು. ಪಾಡ್ಯದ ದಿನ ಹೋಳಿಗೆ ತಟ್ಟಿದರೆ ಅದೇ ಹಟ್ಟಿ ಹಬ್ಬ. ಈ ಸಲ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ್ದ ಹಳೆಯ ಫೋಟೊ ಒಂದನ್ನು ಮಗಳು ನೋಡಿಬಿಟ್ಟಳು. ಹೊಸ್ತಿಲ ಎರಡೂ ಬದಿಗೆ ತಲೆಯ ತುಂಬ ಚೆಂಡು ಹೂ ಸಿಕ್ಕಿಸಿಕೊಂಡು ಸಾಲಾಗಿ ಕುಳಿತ ಸಗಣಿಯ ಪಾಂಡವರು. ನಮ್ಮ ಮನೆಗೂ ಅವರು ಬರಬೇಕು ಎಂದು ಹಟ ಹಿಡಿದಳು.

ಬರಲಿ, ಏನು ಕಷ್ಟ ಎಂದುಕೊಂಡೆ. ಚೆಂಡು ಹೂ ಈ ಊರಿನಲ್ಲಿ ರಾಶಿರಾಶಿ ಸಿಗುತ್ತದೆ. ಮಾವಿನ ಎಲೆಯನ್ನು ತೋರಣ ಕಟ್ಟಿಯೇ ಮಾರುತ್ತಾರೆ. ಉತ್ತರಾಣಿ ನಮ್ಮ ಕಾಂಪೌಂಡಿನ ಹಿಂದೆಯೇ ಇತ್ತು. ಮಾಲಿ ಅದನ್ನು ಚಿರಚಿಟಾ ಎಂದು ಬೈಯುತ್ತಾ ಕೀಳುವುದರಲ್ಲಿದ್ದ, ತಡೆದು ನಾಲ್ಕು ಕಡ್ಡಿ ಉಳಿಸಿಕೊಂಡೆ. ಹೂರಣಕ್ಕೆ ಕಡಲೆಬೇಳೆ, ಬೆಲ್ಲ, ಕೊಬ್ಬರಿ ಎಲ್ಲವೂ ಬಂದವು. ಸಗಣಿಯೊಂದೇ ಇರಲಿಲ್ಲ. ಇಪ್ಪತ್ತೆರಡು ಮಹಡಿಯ ಐದು ಕಟ್ಟಡಗಳಲ್ಲಿ, ಹತ್ತು ನಿಮಿಷದಲ್ಲಿ ಬೆಣ್ಣೆಹಣ್ಣನ್ನೂ ಬಾಗಿಲಿಗೆ ತಂದುಕೊಡುವ ಹುಡುಗರಿರುವ ಊರಿನಲ್ಲಿ, ಒಂದು ಬೊಗಸೆ ಸಗಣಿ ಇಲ್ಲ.

ನನ್ನ ಗಂಡ ಫೋನು ತಡಕಾಡಿ ಬೆರಣಿ ಕಂಡುಹಿಡಿದರು. ಡಜನ್ನಿಗೆ ಇಷ್ಟು ಎಂದು ಪ್ಲಾಸ್ಟಿಕ್ ಸುತ್ತಿ, ಹೋಮಕ್ಕೆ ಶ್ರೇಷ್ಠ ಎಂದು ಬರೆದು ಮಾರುತ್ತಾರೆ. “ತರಿಸಿ ನೆನೆಹಾಕಿದರೆ ಸಗಣಿಯಾಗುತ್ತದೆ” ಎಂದರು.

“ಹಪ್ಪಳ ನೆನೆಹಾಕಿದರೆ ಹಿಟ್ಟಾಗುತ್ತದೆಯೇ?”

“ನಿಮ್ಮ ದಾವಣಗೆರೆಯವರಿಗೆ ಎಲ್ಲವೂ ಬೆಣ್ಣೆಯ ಹಾಗೆ ಮೆತ್ತಗೇ ಬೇಕು.”

ಅವರು ಚಿತ್ರದುರ್ಗದವರು. ಮದುವೆಯಾದಾಗಿನಿಂದ ನಡೆದಿರುವ ಜಗಳ ಇದು, ಇಬ್ಬರಿಗೂ ಮುಗಿಸುವ ಆಸೆ ಇಲ್ಲ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮೊದಲು ನಮ್ಮ ಜಗಳೂರು ಸೀಮೆಯೆಲ್ಲ ದುರ್ಗದ್ದೇ. ಆದ್ದರಿಂದ ನಾನೂ ದುರ್ಗದವಳೇ, ತವರಿಗೆ ಪ್ರತ್ಯೇಕ ಹೆಸರಿಟ್ಟುಕೊಂಡು ಮೆರೆಯುತ್ತಿದ್ದೇನೆ ಎಂಬುದು ಅವರ ವಾದ. ಕೋಟೆಗೆ ಏಳು ಸುತ್ತು ಇದ್ದರೇನು, ಕುಡಿಯುವ ನೀರಿಗೂ ಏಳು ಸುತ್ತು ಹಾಕಬೇಕಲ್ಲ ಎಂಬುದು ನನ್ನದು. 2022ರಲ್ಲಿ ಅವರ ಜಿಲ್ಲೆಯ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ, 1933ರ ನಂತರ ಅದೇ ಮೊದಲು, ಈ ಮನುಷ್ಯ ಆ ವಿಡಿಯೊವನ್ನು ನನ್ನ ಕಡೆಯ ಬಂಧುಗಳಿಗೆಲ್ಲ ಒಬ್ಬರನ್ನೂ ಬಿಡದೆ ಕಳಿಸಿದ್ದರು.

ಪಾಡ್ಯದ ಬೆಳಿಗ್ಗೆ ಬೇಳೆ ಬೇಯಲು ಇಟ್ಟು, ಉರಿ ನೋಡಿಕೊಳ್ಳಲು ಅವರಿಗೆ ಹೇಳಿ, ಮಗಳ ಕೈ ಹಿಡಿದು ಹಿಂದಿನ ಹಳ್ಳಿಗೆ ಹೊರಟೆ. ಹಳ್ಳಿ ಎಂದರೆ ನಿಜವಾದ ಹಳ್ಳಿಯೇ. ಸೆಕ್ಟರುಗಳ ನಡುವೆ ಸಿಕ್ಕಿಕೊಂಡು ಉಳಿದ ನಾಲ್ಕು ಓಣಿ, ಹುಕ್ಕಾ ಹಿಡಿದು ಮಂಚದ ಮೇಲೆ ಕುಳಿತ ಮುದುಕರು, ಗೋಡೆಯ ಪಕ್ಕ ಕಟ್ಟಿದ ಎಮ್ಮೆ. ಅಲ್ಲಿಯವರಿಗೆ ನಾವು “ಸೊಸೈಟಿಯವರು”. ನಾವೋ, ಅವರು ಒರಟರು, ಜಮೀನು ಮಾರಿದ ದುಡ್ಡಿನ ಕಾರಿನಲ್ಲಿ ಹಾರನ್ ಒತ್ತುವವರು ಎಂದು ಲಿಫ್ಟಿನಲ್ಲಿ ಆಡಿಕೊಳ್ಳುವವರು. ದಕ್ಷಿಣದವರಾದ ನಮಗೆ ಒಂದು ಹೆಸರು ಹೆಚ್ಚು: ಮದ್ರಾಸಿ.

ಆ ಓಣಿಯ ಕೊನೆಯ ಮನೆಯ ಹೆಂಗಸಿಗೆ ಎಪ್ಪತ್ತು ದಾಟಿರಬಹುದು. ಊರೆಲ್ಲ ಅವರನ್ನು ತಾಈ ಎನ್ನುತ್ತದೆ. ಅವರ ಭಾಷೆಯಲ್ಲಿ ಅದು ದೊಡ್ಡವ್ವ. ನನ್ನ ಕಿವಿಗೆ ಮೊದಲ ದಿನದಿಂದಲೂ ಕೇಳಿಸಿದ್ದು ತಾಯಿ ಎಂದೇ, ನಾನು ಕರೆಯುವುದೂ ಹಾಗೆಯೇ. ನಾವಿರುವ ಕಟ್ಟಡ ನಿಂತ ಜಾಗದಲ್ಲಿ ಅವರ ಮನೆಯವರು ಸಜ್ಜೆ, ಸಾಸಿವೆ ಬಿತ್ತುತ್ತಿದ್ದರಂತೆ. ಸೊಸೈಟಿಯ ಮಕ್ಕಳಿಗೆ ಹಾಲು ಪಾಕೀಟಿನಲ್ಲೇ ಹುಟ್ಟುತ್ತದೆ ಎಂಬುದು ಅವರು ಸಿಕ್ಕಾಗಲೆಲ್ಲ ಹೇಳುವ ಮಾತು. ಇನ್ನೊಂದು, ಅನ್ನ ತಿನ್ನುವ ಮದ್ರಾಸಿಗಳು ಗಾಳಿ ಬೀಸಿದರೆ ಹಾರಿಹೋಗುತ್ತಾರೆ ಎಂಬುದು. ಅದಕ್ಕೆ ಉತ್ತರವಾಗಿ ಒಮ್ಮೆ ಜೋಳದ ರೊಟ್ಟಿ ಬಡಿದು ಒಯ್ದು ಕೊಟ್ಟಿದ್ದೆ. ತಿರುಗಿಸಿ ಮುರುಗಿಸಿ ನೋಡಿ, ಇದು ನಮ್ಮ ಬಾಜ್ರೆಯ ರೊಟ್ಟಿಯ ತಂಗಿ ಎಂದು ತೀರ್ಪು ಕೊಟ್ಟಿದ್ದರು. ಅಕ್ಕ ಎನ್ನಲಿಲ್ಲ, ಗಮನಿಸಿ.

ನಾವು ಹೋದಾಗ ತಾಈ ಅಂಗಳದಲ್ಲಿ ಮೊಣಕಾಲೂರಿ ಕುಳಿತಿದ್ದರು. ಮೊಣಕೈವರೆಗೂ ಸಗಣಿ. ಅವರ ಮುಂದೆ ನೆಲದ ಮೇಲೆ, ಅಂಗಾತ ಮಲಗಿದ ಆಳುದ್ದದ ಒಬ್ಬ ಗೋವರ್ಧನ. ಎರಡು ಕೈ, ಎರಡು ಕಾಲು, ಹಾಲು ಸುರಿಯಲು ಬಟ್ಟಲಿನಷ್ಟು ಆಳದ ಹೊಕ್ಕುಳು. ಮೈತುಂಬ ಚುಚ್ಚಿದ ಕಡ್ಡಿಗಳ ತುದಿಯಲ್ಲಿ ಹತ್ತಿ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಹಸುಗಳು, ಎಮ್ಮೆಗಳು, ಅವಕ್ಕೊಂದು ಗೋದಲಿ. ಒಂಬತ್ತು ವರ್ಷ ಇದೇ ಪಾಡ್ಯದ ದಿನ, ನನ್ನ ಅಡುಗೆಮನೆಯ ಕಿಟಕಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಒಬ್ಬ ದೊಡ್ಡವ್ವ ಸಗಣಿಯಲ್ಲಿ ದೇವರನ್ನು ಮಾಡುತ್ತಿದ್ದರು. ನಾನು ಹೊಗೆಗೆಂದು ಆ ಕಿಟಕಿ ಮುಚ್ಚಿಕೊಂಡಿದ್ದೆ.

ಬಂದ ಕಾರಣ ಹೇಳಿದೆ. ಕೈಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದದ್ದನ್ನು ನೋಡಿ ತಾಈ ನಕ್ಕುಬಿಟ್ಟರು. ಎದ್ದು ನನ್ನ ಮಗಳನ್ನು ಕೊಟ್ಟಿಗೆಯ ಹತ್ತಿರ ಕರೆದೊಯ್ದು ಎರಡು ಗುಡ್ಡೆ ತೋರಿಸಿ, ಇದರಲ್ಲಿ ಹಸುವಿನದು ಯಾವುದು ಹೇಳು ಎಂದರು. ಅವಳು ಸ್ವಲ್ಪವೂ ಅನುಮಾನಿಸದೆ ಎಮ್ಮೆಯದಕ್ಕೆ ಬೆರಳು ತೋರಿಸಿದಳು. “ಸೊಸೈಟಿಯವಳು!” ಎಂದು ತಾಈ ತೊಡೆ ತಟ್ಟಿಕೊಂಡು ನಕ್ಕರು.

ಆ ನಗು ನನಗೆ ಗೊತ್ತಿತ್ತು.

ಅಪ್ಪ ದಾವಣಗೆರೆಯಲ್ಲಿ ದಲ್ಲಾಳಿ ಮಂಡಿಯೊಂದರ ಗುಮಾಸ್ತರಾಗಿದ್ದರು. ನಮ್ಮ ಮನೆ ಕೆಟಿಜೆ ನಗರದಲ್ಲಿ. ಊರು ಜಗಳೂರಿನ ಆಚೆ. ಅಲ್ಲಿ ದೊಡ್ಡಪ್ಪ, ದೊಡ್ಡವ್ವ, ಎಂಟು ದನ, ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವಂಥ ಹೊಲ. ಹಬ್ಬಕ್ಕೆ ಬಸ್ಸಿಳಿದರೆ ದೊಡ್ಡಪ್ಪನ ಮಗ, ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಅಣ್ಣ, ಬೇವಿನ ಕಟ್ಟೆಯಿಂದಲೇ ಕೂಗುತ್ತಿದ್ದ: “ಪೇಟೆಯವರು ಬಂದರು, ಅನ್ನ ಅಳೆದಿಡಿ!” ಪೇಟೆಯವರು ಪಾವು ಲೆಕ್ಕದಲ್ಲಿ ಉಣ್ಣುತ್ತಾರೆ, ಮನೆಗೆ ಹೋದವರನ್ನು ಊಟ ಮುಗಿಸಿಕೊಂಡೇ ಬಂದಿರಲ್ಲವೇ ಎಂದು ಕೇಳುತ್ತಾರೆ ಎಂಬುದು ಊರಿನ ನಂಬಿಕೆ. ನಾವೂ ಬಿಡುತ್ತಿರಲಿಲ್ಲ. ನೀವು ಫೋನಿನಲ್ಲಿ ಮಾತನಾಡಿದರೆ ಫೋನೇ ಬೇಕಿಲ್ಲ, ದಾವಣಗೆರೆಗೆ ನೇರವಾಗಿ ಕೇಳಿಸುತ್ತದೆ ಎನ್ನುತ್ತಿದ್ದೆವು. ಒಮ್ಮೆ ಅವನನ್ನು ಬೆಣ್ಣೆ ದೋಸೆಗೆ ಕರೆದೊಯ್ದಿದ್ದೆವು. ನಾಲ್ಕು ತಿಂದು, ಬೆರಳು ನೆಕ್ಕಿ, “ಬೆಣ್ಣೆ ನಮ್ಮದು, ಹೆಸರು ಮಾತ್ರ ನಿಮ್ಮದು” ಎಂದ. ಅಪ್ಪ ಅದನ್ನು ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಸಗಣಿ ಪರೀಕ್ಷೆ ನನಗೂ ಆಗಿತ್ತು. ಆರೋ ಏಳೋ ವರ್ಷವಿರಬೇಕು, ನನ್ನ ಮಗಳ ಹಾಗೆಯೇ ಎಮ್ಮೆಯದಕ್ಕೆ ಕೈ ತೋರಿಸಿದ್ದೆ. ಅಣ್ಣ ಅಂಗಳದಲ್ಲಿ ಬಿದ್ದು ಬಿದ್ದು ನಕ್ಕಿದ್ದ. ದೊಡ್ಡವ್ವ ಅವನ ಬೆನ್ನಿಗೊಂದು ಕೊಟ್ಟು, ಸಗಣಿಯ ಕೈಯಲ್ಲೇ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹಸುವಿನದು ಬಿಗಿ, ಎಮ್ಮೆಯದು ಕಪ್ಪು, ಸಡಿಲ. ಒತ್ತಿ ನೋಡು, ಹೆದರಬೇಡ, ತೊಳೆದರೆ ಹೋಗುತ್ತದೆ ಎಂದರು.

ಗುರುಗ್ರಾಮದ ಕೊಟ್ಟಿಗೆಯಲ್ಲಿ ನಾನು ಬಗ್ಗಿ ಎಡಗಡೆಯದನ್ನು ಮುಟ್ಟಿ ಇದು ಹಸುವಿನದು ಎಂದೆ. ತಾಈ ನಗು ನಿಲ್ಲಿಸಿ ನೋಡಿದರು. “ನೀನು ಹಳ್ಳಿಯವಳೋ?”

ಹೌದು ಎಂದೆ. ನಮ್ಮೂರಿನಲ್ಲಿ ಯಾರಾದರೂ ಕೇಳಿಸಿಕೊಂಡಿದ್ದರೆ ಬೇವಿನ ಕಟ್ಟೆಯವರೆಗೂ ನಗು ಹೋಗುತ್ತಿತ್ತು.

ಕವರು ಬೇಡವೆಂದು ಕಬ್ಬಿಣದ ಬಾಂಡಲಿಯ ತುಂಬ ಹಾಕಿಕೊಟ್ಟರು. ದುಡ್ಡಿಗೆ ಕೈ ಹಾಕಿದ್ದಕ್ಕೆ ಬೈದರು. ಬೈಗುಳ ಪೂರ್ತಿ ಅರ್ಥವಾಗಲಿಲ್ಲ, ದೇವರನ್ನು ಮಾಡುವುದಕ್ಕೆ ಕೊಟ್ಟದ್ದಕ್ಕೆ ದುಡ್ಡೇ ಎನ್ನುವ ಅರ್ಥದ್ದು. ಬಾಂಡಲಿ ಹಿಡಿದು ಲಿಫ್ಟು ಹತ್ತಿದ್ದರ ಕಥೆ ಬೇಡ. ಹನ್ನೊಂದನೆಯ ಮಹಡಿಯಲ್ಲಿ ಹತ್ತಬೇಕಿದ್ದವರು ಮುಂದಿನದರಲ್ಲಿ ಬರುತ್ತೇವೆ ಎಂದರು, ಅಷ್ಟೇ.

ಮನೆಯಲ್ಲಿ ಬೇಳೆ ಸ್ವಲ್ಪ ತಳ ಹಿಡಿದಿತ್ತು. ದುರ್ಗದವರು ಕಿಟಕಿಗೆ ತೋರಣ ಕಟ್ಟುವುದರಲ್ಲಿ ಮೈಮರೆತಿದ್ದರು. ಕಟ್ಟು ಬಸಿದು, ಮೇಲಿನ ಬೇಳೆಯನ್ನು ಹೂರಣಕ್ಕೆ ಉಳಿಸಿಕೊಂಡು, ಬಾಲ್ಕನಿಯಲ್ಲಿ ಪೇಪರು ಹಾಸಿ ಕುಳಿತೆವು. ಮಗಳು ಮೊದಲು ಒಂದೇ ಬೆರಳಿನಿಂದ ಮುಟ್ಟಿದಳು, ಆಮೇಲೆ ಐದರಿಂದ, ಆಮೇಲೆ ಎರಡೂ ಅಂಗೈಗಳಿಂದ. ಧರ್ಮರಾಯ ಕುಳ್ಳಗಾದ. ಭೀಮನ ತಲೆ ಎರಡು ಸಲ ಬಿತ್ತು. ನಾನು ಉಂಡೆ ಕಟ್ಟಿ, ಬುಡ ಅಗಲ ಮಾಡಿ, ತುದಿಯನ್ನು ಹೆಬ್ಬೆರಳಿನಿಂದ ಮೂಗಿನ ಹಾಗೆ ಚಿವುಟಿದೆ. ಚಿವುಟಿದ ಮೇಲೆ ಗೊತ್ತಾಯಿತು, ಅದು ನನ್ನ ಕೈ ಕಲಿತದ್ದಲ್ಲ, ದೊಡ್ಡವ್ವನ ಕೈ.

ಆರನೆಯ ತರಗತಿಯ ದೀಪಾವಳಿ ಅದು. ಊರಿನಿಂದ ಹೊರಡುವಾಗ ದೊಡ್ಡವ್ವ ಮುತ್ತುಗದ ಎಲೆಯಲ್ಲಿ ಸಗಣಿಯಿಂದ ಮಾಡಿದ ಒಂದು ಹಟ್ಟೆವ್ವನನ್ನು, ಹಟ್ಟಿಯ ದೇವಿಯನ್ನು, ಇಟ್ಟು, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಿದ್ದರು. ಪೇಟೆಯ ಮನೆಯಲ್ಲಿ ಹಟ್ಟಿ ಇಲ್ಲದಿದ್ದರೇನು, ಬಾಗಿಲಾದರೂ ಇದೆಯಲ್ಲ, ಬಲಕ್ಕೆ ಇಡು ಎಂದಿದ್ದರು. ಕಣ್ಣಿಗೆ ಎರಡು ಗುಲಗಂಜಿ, ಮುಡಿಗೆ ಉತ್ತರಾಣಿ. ನಡುದಾರಿಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಅವಳ ಅಮ್ಮನೊಂದಿಗೆ ಬಸ್ಸು ಹತ್ತಿ ನನ್ನ ಪಕ್ಕದಲ್ಲೇ ಕುಳಿತಳು. ಏನೋ ವಾಸನೆ ಎಂದಳು. ನಾನೂ ಹೌದಲ್ಲ ಎಂದೆ. ಹಳ್ಳಿಯವರು ಬಸ್ಸಿನಲ್ಲಿ ಏನೇನೋ ತರುತ್ತಾರೆ ಎಂದೂ ಹೇಳಿದೆ. ಗಂಟನ್ನು ಕಾಲಿನಿಂದ ಸೀಟಿನ ಕೆಳಗೆ ನೂಕಿ, ದಾವಣಗೆರೆಯಲ್ಲಿ ಇಳಿದ ಮೇಲೆ ಅಪ್ಪ ಮುಂದೆ ಮುಂದೆ ಹೋಗುತ್ತಿದ್ದಾಗ ಚರಂಡಿಗೆ ಹಾಕಿದೆ. ಪಂಚೆಯ ತುಂಡು ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿತು.

ಮರುವರ್ಷ ದೊಡ್ಡವ್ವ ಕೇಳಿದರು: “ಬಾಗಿಲಿನ ಬಲಕ್ಕೆ ಇಟ್ಟಿದ್ದೆಯಾ?” ಇಟ್ಟಿದ್ದೆ ಎಂದೆ. ಒಣಗಿದ ಮೇಲೆ ಮಾಳಿಗೆಗೆ ಹಾಕಿದೆಯಾ? ಹಾಕಿದೆ ಎಂದೆ. ನಮ್ಮ ಬಾಡಿಗೆ ಮನೆಗೆ ಮಾಳಿಗೆ ಹತ್ತುವ ಮೆಟ್ಟಿಲೇ ಇರಲಿಲ್ಲ.

ಸಂಜೆ ದೀಪ ಹಚ್ಚಿ ಊರಿಗೆ ವಿಡಿಯೊ ಕರೆ ಮಾಡಿದೆವು. ಹೋಳಿಗೆ ಚೆನ್ನಾಗಿಯೇ ಆಗಿದ್ದವು, ಒಂದು ಬಾಂಡಲಿಯಷ್ಟು ತಾಈಯ ಮನೆಗೂ ಹೋಗಿದ್ದವು. ಖಾಲಿ ಪಾತ್ರೆ ಹಿಂದಿರುಗಿಸಬಾರದಲ್ಲ. ಫೋನು ಹಿಡಿದದ್ದು ಅಣ್ಣ. ತಲೆ ಪೂರ್ತಿ ನರೆತಿದೆ. ಅವರ ಹೊಸ್ತಿಲಲ್ಲಿ ಪಾಂಡವರು ಮೂರೇ ಮೂರು ಇದ್ದರು. ಎತ್ತು ಮಾರಿ ನಾಲ್ಕು ವರ್ಷವಾಯಿತಂತೆ, ಈಗ ಟ್ರ್ಯಾಕ್ಟರು. ಆಕಳು ಹೋದ ವರ್ಷ ಹೋಯಿತು. ಸಗಣಿಯನ್ನು ಮೇಲಿನ ಓಣಿಯಿಂದ ಕೇಳಿ ತಂದದ್ದು, ಅಷ್ಟೇ ಸಿಕ್ಕಿತು ಎಂದ. ನಗಲಿಲ್ಲ. ನನಗೂ ಚುಡಾಯಿಸಲು ಮಾತು ಸಿಗಲಿಲ್ಲ. ಇಷ್ಟು ವರ್ಷ ಹಬ್ಬಕ್ಕೆಂದು ಕಳಿಸಿದ ಹಣವನ್ನು ನಾನು ಲೆಕ್ಕವಿಟ್ಟಿದ್ದೇನೆ. ಆಕಳು ಹೋದದ್ದು ನನಗೆ ಗೊತ್ತಿರಲಿಲ್ಲ.

ಫೋನು ದೊಡ್ಡವ್ವನ ಕೈಗೆ ಹೋಯಿತು. ಅವರ ಹಣೆ ಮಾತ್ರ ಕಾಣಿಸುತ್ತಿತ್ತು, ವಿಭೂತಿ ಮತ್ತು ಮಾಡಿನ ತೊಲೆ.

“ಪಾಂಡವರನ್ನು ಇಟ್ಟಿದ್ದೇವೆ, ದೊಡ್ಡವ್ವ.”

“ಹಟ್ಟೆವ್ವನನ್ನು?”

“ಬಾಗಿಲಿನ ಬಲಕ್ಕೆ. ತೋರಿಸುತ್ತೇನೆ ಇರಿ.” ನಾನು ಹೊಸ್ತಿಲಲ್ಲಿ ಬಗ್ಗಿ ಫೋನನ್ನು ನೆಲದ ಮಟ್ಟಕ್ಕೆ ಹಿಡಿದೆ. ಒಂದೊಂದನ್ನೇ ತೋರಿಸಿದೆ. ಬೆಳಕು ಸಾಲದೇನೋ ಎಂದು ಹಣತೆಯನ್ನೂ ಹತ್ತಿರಕ್ಕೆ ಸರಿಸಿದೆ.

“ನನಗೀಗ ಕಣ್ಣು ಕಾಣಿಸುವುದಿಲ್ಲವಲ್ಲ ಮಗಳೇ” ಎಂದರು ದೊಡ್ಡವ್ವ. “ನೀನು ಇಟ್ಟೆ ಎಂದರೆ ಇಟ್ಟ ಹಾಗೆಯೇ. ನೀನು ಹೇಳಿದರೆ ಸಾಕು.”

ನಾನು ಏನೂ ಹೇಳದಿರುವುದನ್ನು ನೋಡಿ ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. “ಅಜ್ಜಿ, ವಾಸನೆ ನೋಡಿ, ಗೊತ್ತಾಗುತ್ತದೆ!” ಎಂದು ಅದನ್ನು ಹಟ್ಟೆವ್ವನ ಮೂಗಿಗೆ ಒತ್ತಿ ಹಿಡಿದಳು. ಪರದೆ ಕಪ್ಪಾಯಿತು. ಒಳಗಿನಿಂದ ದೊಡ್ಡವ್ವ ಜೋರಾಗಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು, ಅದರ ಹಿಂದೆಯೇ ಅಣ್ಣನ ದನಿ: “ಎಮ್ಮೆಯದಲ್ಲ ತಾನೇ?”