ಮಹಾಸಭೆಯಲ್ಲಿ ಲೈನ್‌ಮನ್‌ಗಳಿಗೆ ಶಾಲು

ಸೆಪ್ಟೆಂಬರ್ 14, 2025, ಭಾನುವಾರ
ಶಾಂತಳ್ಳಿ ಹತ್ತಿರ, ಸೋಮವಾರಪೇಟೆ ತಾಲ್ಲೂಕು

ಇವತ್ತು ನಮ್ಮ ಸಹಕಾರ ಸಂಘದ ಮಹಾಸಭೆ ಇತ್ತು. ಸೆಪ್ಟೆಂಬರ್ ಬಂತೆಂದರೆ ಎಲ್ಲ ಸಂಘಗಳಿಗೂ ಇದೇ ಗಡಿಬಿಡಿ. ಹೋದ ವರ್ಷದ ಲೆಕ್ಕ ಓದುತ್ತಾರೆ, ಗೊಬ್ಬರದ ವಿಷಯಕ್ಕೆ ಒಂದಿಷ್ಟು ಜಗಳ ಆಗುತ್ತದೆ, ಡಿವಿಡೆಂಡ್ ಎಷ್ಟೆಂದು ಹೇಳುತ್ತಾರೆ, ಆಮೇಲೆ ಊಟ. ಕೋರಂ ತುಂಬುವುದು ಕೋಳಿ ಸಾರಿನ ದಯೆಯಿಂದ ಎಂದು ನಾನು ಮೊದಲಿಂದಲೂ ಹೇಳುತ್ತಾ ಬಂದಿದ್ದೇನೆ. ಅಧ್ಯಕ್ಷರು ಪ್ರತಿ ವರ್ಷದಂತೆ ಈ ಸಲವೂ ಗದಗ ಕಡೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಕಥೆಯಿಂದಲೇ ಭಾಷಣ ಶುರು ಮಾಡಿದರು. ನಮಗೆಲ್ಲ ಬಾಯಿಪಾಠ ಆಗಿದೆ.

ಈ ಸಲ ಹೊಸದೊಂದಿತ್ತು. ನಮ್ಮ ಭಾಗದ ಲೈನ್‌ಮನ್‌ಗಳನ್ನು ಕರೆಸಿ ಸನ್ಮಾನ ಮಾಡಿದರು. ಮಳೆಗಾಲದಲ್ಲಿ ಕಂಬದ ಮೇಲೇ ಇದ್ದವರು ಇವರು, ಸಂಘದ ವತಿಯಿಂದ ಒಂದು ಮರ್ಯಾದೆ ಆಗಬೇಕು ಅಂತ ನಿರ್ದೇಶಕರೊಬ್ಬರ ಸಲಹೆ. ಒಳ್ಳೆಯದೇ. ಈ ವರ್ಷ ಮುಂಗಾರು ಜೂನ್‌ವರೆಗೆ ಕಾಯಲಿಲ್ಲ. ಮೇ 24ಕ್ಕೇ ಕೇರಳಕ್ಕೆ ಬಂತು, ಮರುದಿನವೇ ನಮ್ಮ ತಲೆ ಮೇಲೆ. ಲೈನ್ ಪಕ್ಕದ ಕೊಂಬೆ ಸವರುವ ಕೆಲಸ ಇನ್ನೂ ಅರ್ಧಕ್ಕೇ ನಿಂತಿತ್ತು. ಮಳೆಗಾಲಕ್ಕೆಂದು ತೆಗೆದುಕೊಳ್ಳುವ ಹೆಚ್ಚುವರಿ ಗ್ಯಾಂಗಿನವರು ಕೆಲಸಕ್ಕೆ ಹೊಂದಿಕೊಳ್ಳುವ ಮೊದಲೇ ಕಂಬಗಳು ಮಲಗಿದವು. ಆ ವಾರ ಇಡೀ ಜಿಲ್ಲೆಯದೂ ಅದೇ ಕಥೆ.

ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯಲ್ಲಿ ಲೈನ್‌ಮನ್‌ಗಳ ಮುಖ ನೋಡಬೇಕಿತ್ತು. ಪಾಪ, ಕೈ ಎಲ್ಲಿಡಬೇಕೆಂದೇ ಗೊತ್ತಾಗುತ್ತಿರಲಿಲ್ಲ. ಒಬ್ಬರು ಬರಲೇ ಇಲ್ಲ. ಕುಮಾರಳ್ಳಿ ಕಡೆ ಕಂಬದ ಮೇಲಿನ ಜಂಪರ್ ತಂತಿ ಕಟ್ ಆಗಿತ್ತಂತೆ. ಅವರ ಶಾಲನ್ನೂ ಜೊತೆಗಾರನೇ ತೋಳಿನ ಮೇಲೆ ಹಾಕಿಕೊಂಡು ಹೋದರು.

ಊಟಕ್ಕೆ ನನ್ನ ಪಕ್ಕ ಕೂತವರು ಬೆಳಗಾವಿ ಜಿಲ್ಲೆಯವರು. ಕೊಡಗಿನಲ್ಲಿ ಕೆಲಸ ಮಾಡುವ ಲೈನ್‌ಮನ್‌ಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಬಹಳ ಇದ್ದಾರೆ. ನೇಮಕಾತಿಯಲ್ಲಿ ಆಯ್ಕೆಯಾಗಿ, ಜೋಳದ ಹೊಲ ಬಿಟ್ಟು, ಜಿಗಣೆ ಇರುವ ಊರಿಗೆ ಬಂದು ಬೀಳುತ್ತಾರೆ. ಇವರು ಬಂದ ಹೊಸದರಲ್ಲಿ ಮಳೆ ನೋಡಿಯೇ ವಾಪಸ್ ಹೋಗೋಣ ಅಂದುಕೊಂಡಿದ್ದರಂತೆ. "ನಮ್ಮ ಕಡೆ ಬಯಲ್ರೀ. ಒಂದು ಕಂಬದ ಹತ್ರ ನಿಂತ್ರ ಹತ್ತು ಕಂಬ ಕಾಣ್ತಾವ. ಇಲ್ಲಿ ಮುಂದಿನ ಕಂಬ ಎಲ್ಲೈತಿ ಅಂತ ತೋಟದವ್ರನ್ನ ಕೇಳಬೇಕು" ಎಂದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ಲೈನ್ ರಸ್ತೆ ಪಕ್ಕ ಹೋಗುವುದಕ್ಕಿಂತ ಕಾಫಿ ತೋಟದ ಒಳಗೆ ಹೋಗುವುದೇ ಜಾಸ್ತಿ. ಒಂದು ಟ್ರಾನ್ಸ್‌ಫಾರ್ಮರ್‌ಗೆ ಐದಾರು ಮನೆ. ಮನೆಯಿಂದ ಮನೆಗೆ ಒಂದು ಗುಡ್ಡ. ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್, ಟ್ರಿಪ್ ಆದರೆ ಎಲ್ಲಿ ಏನಾಗಿದೆ ಎಂದು ಸಬ್‌ಸ್ಟೇಷನ್ನಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಅರ್ಧ ದಾರಿಯಲ್ಲಿ ಕಂಬದ ಮೇಲಿರುವ ಸ್ವಿಚ್ಚು, ಅಂದರೆ ಜಿಒಎಸ್ ಇಳಿಸಿ, ಈಚೆಗಿನ ಅರ್ಧಕ್ಕೆ ಮಾತ್ರ ಚಾರ್ಜ್ ಕೊಟ್ಟು ನೋಡಬೇಕು. ಲೈನ್ ಟ್ರಿಪ್ ಆಗದೆ ನಿಂತರೆ ತೊಂದರೆ ಆಚೆ ಕಡೆ. ಆ ಆಚೆಯನ್ನೂ ಹಾಗೇ ತುಂಡು ಮಾಡುತ್ತಾ ಹೋಗಬೇಕು. ಕೊನೆಗೆ ಉಳಿಯುವುದು ನಡಿಗೆ. ಕೈಯಲ್ಲಿ ಟಾರ್ಚು, ಮೇಲೆ ಮಳೆ, ಕಾಲಲ್ಲಿ ಜಿಗಣೆ, ಎದುರಿಗೆ ಆನೆ ಬಂದರೆ ಬಂತು.

ಮರ ಬಿದ್ದಿದ್ದರೆ ಪುಣ್ಯ, ಕಣ್ಣಿಗೆ ಕಾಣುತ್ತದೆ. ಕಷ್ಟ ಇರುವುದು ಇನ್ಸುಲೇಟರಿನಲ್ಲಿ ಎಂದರು. ಏಪ್ರಿಲ್ ಗುಡುಗಿನಲ್ಲಿ ಸಿಡಿಲು ಬಡಿದು ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಬಿಸಿಲಿದ್ದಾಗ ಲೈನ್ ಚೆನ್ನಾಗೇ ನಿಲ್ಲುತ್ತದೆ. ಮಳೆ ಬಿದ್ದು ಬಿರುಕಿಗೆ ನೀರು ಇಳಿದ ಕೂಡಲೇ ಟ್ರಿಪ್. ಮಳೆ ನಿಂತರೆ ಮತ್ತೆ ಸರಿ. ಕೆಳಗಿನಿಂದ ಎಷ್ಟು ನೋಡಿದರೂ ಕಾಣುವುದಿಲ್ಲ, ಒಂದೊಂದೇ ಕಂಬ ಹತ್ತಬೇಕು. ಮಳೆ ಬಂದರೆ ಸಾಕು ಕರೆಂಟ್ ಹೋಗುತ್ತದೆ ಎಂದು ನಾವು ಬೈಯುತ್ತೇವಲ್ಲ, ಅದರಲ್ಲಿ ಅರ್ಧ ಇದೇ ಇರಬೇಕು.

ಹತ್ತುವುದೂ ಸುಮ್ನೆ ಅಲ್ಲ. ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅಲ್ಲಿಯವರು ಫೀಡರ್ ಬಂದ್ ಮಾಡಿ, ಪುಸ್ತಕದಲ್ಲಿ ಬರೆದು, ನಂಬರ್ ಕೊಡುತ್ತಾರೆ. ಆಮೇಲೆ ಜಿಒಎಸ್ ಇಳಿಸಿ, ಲೈನ್ ಸತ್ತಿದೆಯೇ ಎಂದು ಪರೀಕ್ಷೆ ಮಾಡಿ, ಕೆಲಸದ ಜಾಗದ ಎರಡೂ ಪಕ್ಕ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ ಹಾಕಬೇಕು. ಎಲ್‌ಸಿ ತೆಗೆದುಕೊಂಡವರೇ ಅದನ್ನು ವಾಪಸ್ ಕೊಡಬೇಕು. ಅಲ್ಲಿಯವರೆಗೆ ಯಾರು ಫೋನ್ ಮಾಡಿ ಗೋಗರೆದರೂ ಲೈನ್ ಚಾರ್ಜ್ ಮಾಡುವಂತಿಲ್ಲ. ಎಮ್ಮೆಲ್ಲೆ ಫೋನ್ ಮಾಡಿದರೂ ಇಲ್ಲವೇ ಎಂದು ಕೇಳಿದೆ. ನಕ್ಕರು, ಉತ್ತರ ಹೇಳಲಿಲ್ಲ.

ಎರಡೂ ಪಕ್ಕ ರಾಡ್ ಯಾಕೆ? ಕರೆಂಟ್ ಬರುವುದು ಸಬ್‌ಸ್ಟೇಷನ್ ಕಡೆಯಿಂದ ತಾನೇ? ಇದಕ್ಕೆ ಅವರು ಕೊಟ್ಟ ಉತ್ತರ ಕೇಳಿ ಅನ್ನ ಗಂಟಲಲ್ಲೇ ನಿಂತಿತು. ಕೊಡಗಿನಲ್ಲಿ ಜನರೇಟರ್ ಇಟ್ಟುಕೊಂಡ ಮನೆಗಳು ಬಹಳ. ಚೇಂಜ್‌ಓವರ್ ಸ್ವಿಚ್ ಹಾಕಿಸದೆ, ಎರಡು ಕಡೆ ಪಿನ್ ಇರುವ ವೈರನ್ನು ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ದೀಪ ಹತ್ತಿಸುವ ಬುದ್ಧಿವಂತರೂ ಇದ್ದಾರೆ. ಆ 230 ವೋಲ್ಟ್ ಮೀಟರ್ ದಾಟಿ ಸರ್ವೀಸ್ ವೈರಿನಲ್ಲಿ ಹಿಂದಕ್ಕೆ ಓಡಿ ಟ್ರಾನ್ಸ್‌ಫಾರ್ಮರ್ ಸೇರುತ್ತದೆ. ಅದಕ್ಕೆ ಹಿಂದೆ ಮುಂದೆ ಎಂಬುದಿಲ್ಲ. ಇಳಿಸುವುದೂ ಅದೇ, ಏರಿಸುವುದೂ ಅದೇ. ಈ ಕಡೆಯಿಂದ 230 ಹೋದರೆ ಆ ಕಡೆ ಹತ್ತು ಸಾವಿರದಷ್ಟು ವೋಲ್ಟ್ ಆಗಿ ಏಳುತ್ತದೆ. ಜನರೇಟರ್ ಲೋಡ್ ತಾಳದೆ ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಸತ್ತಿದೆ ಎಂದು ನಂಬಿ ಲೈನ್ ಮುಟ್ಟಿದವನ ಗತಿ? "ಸಬ್‌ಸ್ಟೇಷನ್ನಿನವ್ರನ್ನ ನಂಬಬಹುದ್ರಿ, ತೋಟದ ಮನಿಯವ್ರನ್ನ ನಂಬಂಗಿಲ್ಲ" ಎಂದರು. ಶಾಲು ಹೊದಿಸಿದ ನಮ್ಮ ಸಭೆಯಲ್ಲೇ ಅಂಥ ವೈರಿನ ಮಾಲೀಕರು ಎಷ್ಟು ಜನ ಇದ್ದರೋ.

ಊಟಕ್ಕೆ ಮೊದಲು ಒಂದು ತಮಾಷೆ ನಡೆದಿತ್ತು, ಅದನ್ನು ಬರೆಯುವುದು ಬಿಟ್ಟೇ ಹೋಯಿತು. ಸನ್ಮಾನ ಆದ ಮೇಲೆ ಹಿರಿಯ ಸದಸ್ಯರೊಬ್ಬರು ಎದ್ದು, ಗೊಬ್ಬರ ಸಾಲ ಎಲ್ಲ ಸಂಘದಿಂದ ಆಗುತ್ತೆ, ಕರೆಂಟನ್ನೂ ನಾವೇ ಯಾಕೆ ಮಾಡಬಾರದು, ಹುಕ್ಕೇರಿಯಲ್ಲಿ ಮಾಡಿಲ್ವಾ ಎಂದು ಕೇಳಿದರು. ಸಭೆಯೆಲ್ಲ ನಗು. ನಗುವ ಮಾತೇನೂ ಅಲ್ಲ ಅದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಶುರುವಾಗಿದ್ದು 1969ರಲ್ಲಿ. ಹಳ್ಳಿಗೆ ಕರೆಂಟ್ ಕೊಡಲೆಂದು ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಕಟ್ಟಿದ್ದೂ ಅದೇ ವರ್ಷ. ಆಗ ಪ್ರಯೋಗಕ್ಕೆಂದು ದೇಶದಲ್ಲಿ ಆರಿಸಿದ ಐದು ಕಡೆಗಳಲ್ಲಿ ಹುಕ್ಕೇರಿಯೂ ಒಂದು. ಆಗಿನ ಆಂಧ್ರದ ಸಿರ್ಸಿಲ್ಲ, ಮಹಾರಾಷ್ಟ್ರದ ಮುಳಾ ಪ್ರವರಾ, ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ ಉಳಿದವು. ಕರ್ನಾಟಕದಲ್ಲಿ ಇವತ್ತಿಗೂ ಕರೆಂಟ್ ಹಂಚುವ ಸಹಕಾರ ಸಂಘ ಅದೊಂದೇ. ಕರೆಂಟನ್ನು ಹೆಸ್ಕಾಂನಿಂದ ಸಗಟಾಗಿ ಕೊಳ್ಳುತ್ತಾರೆ. ಅಲ್ಲಿಂದ ಮನೆಯವರೆಗೆ ಕಂಬ, ತಂತಿ, ಬಿಲ್ಲು, ಲೈನ್‌ಮನ್ ಎಲ್ಲ ಸಂಘದ್ದೇ. ದರ ಮಾತ್ರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಹೇಳಿದಂತೆ. ಈಗಂತೂ ಅಲ್ಲಿ ಆಡಳಿತ ಮಂಡಳಿಗೆ ಚುನಾವಣೆ, ಈ ತಿಂಗಳ ಕೊನೆಗೆ ಮತದಾನ. ವಿಧಾನಸಭೆ ಚುನಾವಣೆಯ ಕಾವು ಕಾಣುತ್ತಿದೆ.

ನಮ್ಮ ಬೆಳಗಾವಿ ಲೈನ್‌ಮನ್‌ಗೂ ಹುಕ್ಕೇರಿ ಗೊತ್ತು, ನೆಂಟರಿದ್ದಾರಂತೆ. ಅಲ್ಲಿ ಕೆಲಸ ಹೇಗೆ ಎಂದು ಕೇಳಿದೆ. ಕಂಬ ಎಲ್ಲ ಕಡೆ ಒಂದೇ, ಆದರೆ ಅಲ್ಲಿ ಬೈಯುವವರಿಗೆ ಓಟೂ ಇದೆ ಎಂದರು.

ಈ ಪದ್ಧತಿಯ ಬೇರು ಅಮೆರಿಕದಲ್ಲಿದೆ. 1935ರಲ್ಲಿ ಅಲ್ಲಿ ಹತ್ತು ರೈತರ ಮನೆಯಲ್ಲಿ ಒಂಬತ್ತಕ್ಕೆ ಕರೆಂಟ್ ಇರಲಿಲ್ಲ ಎಂದರೆ ನಮ್ಮ ಹುಡುಗರು ನಂಬುವುದಿಲ್ಲ. ಪೇಟೆಯ ಕಂಪನಿಗಳಿಗೆ ಹಳ್ಳಿ ಬೇಡವಾಗಿತ್ತು. ದೂರ ದೂರದ ಮನೆಗೆ ಕಂಬ ನೆಟ್ಟರೆ ಹಾಕಿದ ದುಡ್ಡು ಬರುವುದಿಲ್ಲ ಎಂಬ ಲೆಕ್ಕ. ಆ ವರ್ಷ ಮೇ 11ರಂದು ರೂಸ್‌ವೆಲ್ಟ್ ಗ್ರಾಮೀಣ ವಿದ್ಯುತ್ತಿಗೆಂದೇ ಒಂದು ಸಂಸ್ಥೆ ಮಾಡಿದರು, ಮರುವರ್ಷ ಕಾನೂನು ಬಂತು. ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು. ರೈತರು ತಲಾ ಐದು ಡಾಲರಿನಂತೆ ಸದಸ್ಯತ್ವದ ಹಣ ಹಾಕಿ ಸಂಘ ಕಟ್ಟಿದರು, ಲೈನ್ ಹೋಗಲು ಜಾಗವನ್ನು ಪುಕ್ಕಟೆ ಬಿಟ್ಟರು. ಇವತ್ತು ಅಲ್ಲಿ ಅಂಥ ಸಂಘಗಳು ಒಂಬೈನೂರರ ಹತ್ತಿರ ಇವೆ, ನಾಲ್ಕು ಕೋಟಿಗೂ ಹೆಚ್ಚು ಜನ ಅವುಗಳ ಕರೆಂಟಿನಲ್ಲಿ ಬದುಕುತ್ತಾರೆ. ಬಿಲ್ ಕಟ್ಟುವವನೇ ಸದಸ್ಯ, ಒಬ್ಬನಿಗೆ ಒಂದು ಓಟು, ಲಾಭ ಉಳಿದರೆ ಸದಸ್ಯರ ಹೆಸರಿಗೆ ಜಮಾ. ಅಲ್ಲೂ ವರ್ಷಕ್ಕೊಂದು ಮಹಾಸಭೆ, ಅಲ್ಲೂ ಊಟ! ಏಪ್ರಿಲ್‌ನಲ್ಲಿ ಲೈನ್ ಕೆಲಸಗಾರರ ದಿನ ಮಾಡುತ್ತಾರೆ. ನಮ್ಮ ದೇಶದಲ್ಲೂ ಈಚೆಗೆ ಮಾರ್ಚ್ 4ನ್ನು ಲೈನ್‌ಮನ್ ದಿವಸ ಎಂದು ಆಚರಿಸುತ್ತಾರೆ. ಕೊಡಗಿಗೆ ಆ ತಾರೀಕು ಒಗ್ಗುವುದಿಲ್ಲ ಬಿಡಿ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದೆ ಇದ್ದರೆ ಎಲ್ಲರ ತೋಟದಲ್ಲೂ ಸ್ಪ್ರಿಂಕ್ಲರ್ ತಿರುಗುವ ಹೊತ್ತು ಅದು. ತ್ರೀ ಫೇಸ್ ಹೋದರೆ ಅವತ್ತು ಲೈನ್‌ಮನ್‌ಗೆ ಸಿಗುವುದು ಹಾರವಲ್ಲ.

ಹಾಗಾದರೆ ನಮ್ಮಲ್ಲೂ ಒಂದು ಕರೆಂಟ್ ಸಂಘ ಆಗಬಹುದಾ? ರಾತ್ರಿ ಕೂತು ಯೋಚಿಸಿದೆ. ಆಗದು ಅನ್ನಿಸುತ್ತದೆ. ಅಮೆರಿಕದ ಸಂಘಗಳಿಗೆ ಒಂದು ಮೈಲಿ ಲೈನಿಗೆ ಸಿಗುವುದು ಸರಾಸರಿ ಎಂಟು ಗ್ರಾಹಕರು, ಕಂಪನಿಗಳಿಗೆ ಮೂವತ್ತರ ಮೇಲೆ. ನಮ್ಮ ಗುಡ್ಡದ ಕಡೆ ಎಂಟಾದರೂ ಸಿಕ್ಕೀತಾ? ಪೇಟೆಯ ಬಿಲ್ಲು ನಮ್ಮ ಕಂಬಕ್ಕೆ ಆಸರೆಯಾಗಿ ನಿಂತಿರುವುದರಿಂದ ನಮಗೆ ಈ ದರಕ್ಕೆ ಕರೆಂಟ್. ಅದನ್ನು ಬಿಟ್ಟು ನಾವು ನಾವೇ ನಿಂತರೆ ಒಂದು ಮಳೆಗಾಲದ ಕಂಬದ ಖರ್ಚಿಗೇ ಸಂಘ ಕೈ ಎತ್ತುತ್ತದೆ. ಮುಳಾ ಪ್ರವರಾ ಎಂಥ ದೊಡ್ಡ ಸಂಘ! ಸಕ್ಕರೆಯ ಸೀಮೆ, ದುಡ್ಡಿನ ಜಾಗ. ಆದರೂ ಕರೆಂಟ್ ಕೊಂಡ ಬಾಕಿ ಬೆಳೆದು ಬೆಳೆದು, 2011ರಲ್ಲಿ ಲೈಸೆನ್ಸ್ ಕೈತಪ್ಪಿ ಸರ್ಕಾರಿ ಕಂಪನಿ ಒಳಗೆ ಬಂತು. ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ ಬೇಕು, ಸಂಘವೂ ನಮ್ಮದೇ ಇರಬೇಕು ಎಂದರೆ ಲೆಕ್ಕ ಕೂಡುವುದಿಲ್ಲ. ಇದನ್ನು ಹತ್ತು ಎಚ್‌ಪಿ ಮೋಟರ್ ಇಟ್ಟುಕೊಂಡ ನಾನೇ ಬರೆಯುತ್ತಿದ್ದೇನೆ.

ಇಲ್ಲೊಂದು ಹೊಟ್ಟೆಕಿಚ್ಚಿನ ಮಾತು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಳು. ನಮ್ಮೂರ ಅಜ್ಜಿಯಂದಿರು ಅದಾಗಿ ಎಷ್ಟೋ ದಶಕ ಚಿಮಣಿ ದೀಪದಲ್ಲೇ ಗದ್ದೆ ಕೆಲಸದವರಿಗೆ ರೊಟ್ಟಿ ತಟ್ಟಿದರು. ಇರಲಿ.

ಸಂಘ ಆಗದಿದ್ದರೂ ಸದಸ್ಯರಾಗಿ ಮಾಡಬಹುದಾದ್ದು ಇದೆಯಲ್ಲ. ಮಧ್ಯಾಹ್ನ ಹೊರಡುವ ಮುಂಚೆ ಕಾರ್ಯದರ್ಶಿಯನ್ನು ಹಿಡಿದು ಎರಡು ವಿಷಯ ಹೇಳಿದೆ. ಒಂದು, ಸಂಘದ ಗೋದಾಮಿನಲ್ಲಿ ಫೈಬರ್ ಏಣಿ ತರಿಸಿ ಬಾಡಿಗೆಗೆ ಕೊಡಿ. ಮೆಣಸು ಕುಯ್ಯುವಾಗ, ಮರ ಕಪಾತು ಮಾಡುವಾಗ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಕಾರ್ಮಿಕರು ಸಾಯುವ ಸುದ್ದಿ ಕೊಡಗಿನ ಪೇಪರಿಗೆ ಹೊಸದೇ ಅಲ್ಲ. ಏಣಿ ಹಗುರ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಅದನ್ನೇ ಇಟ್ಟುಕೊಂಡಿದ್ದಾರೆ. ಎರಡು, ಜನರೇಟರ್ ಇರುವ ಸದಸ್ಯರೆಲ್ಲ ಚೇಂಜ್‌ಓವರ್ ಹಾಕಿಸಬೇಕೆಂದು ಒಂದು ಸುತ್ತೋಲೆ ಕಳಿಸಿ, ಬೇಕಾದರೆ ಎಲೆಕ್ಟ್ರಿಷಿಯನ್ನನ್ನು ಸಂಘವೇ ಗೊತ್ತು ಮಾಡಲಿ. ಏಣಿಗೆ ಕಾರ್ಯದರ್ಶಿ ತಕ್ಷಣ ಒಪ್ಪಿದರು, ಬಾಡಿಗೆ ಬರುತ್ತದಲ್ಲ. ಸುತ್ತೋಲೆಗೆ ಮಾತ್ರ ಅಧ್ಯಕ್ಷರನ್ನು ಕೇಳಬೇಕಂತೆ. ಅಧ್ಯಕ್ಷರ ಮನೆಯ ಜನರೇಟರ್ ಯಾವ ಥರ ಎಂದು ನನಗೆ ಈಗ ಅನುಮಾನ.

ನಾಳೆ ಪಕ್ಕದ ತೋಟದವರಿಗೆ ಫೋನ್ ಮಾಡಬೇಕು. ಅವರ ಎರಡು ಸಿಲ್ವರ್ ಓಕ್ ನಮ್ಮ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ ಬರುವ ಲೈನಿನ ಮೇಲೆ ವಾಲಿವೆ. ಈ ಮಳೆಗಾಲ ಹೇಗೋ ಕಳೆಯಿತು, ಮುಂದಿನದಕ್ಕೆ ಉಳಿಯುವುದಿಲ್ಲ. ಮರಕ್ಕೆ ಮೆಣಸಿನ ಬಳ್ಳಿ ತುದಿವರೆಗೆ ಹಬ್ಬಿದೆ, ಈಗಿನ ಮೆಣಸಿನ ರೇಟಿಗೆ ಅವರು ಒಪ್ಪುವುದು ಕಷ್ಟ. ಕುಯ್ಲು ಆಗುವ ತನಕ ಬಿಡಿ, ಏಪ್ರಿಲ್‌ನಲ್ಲಿ ಕಡಿಸೋಣ, ಕಡಿಯುವ ಕೂಲಿ ನಂದು ಎಂದು ಹೇಳಿ ನೋಡುತ್ತೇನೆ. ಬಳ್ಳಿಗೆ ಪರಿಹಾರ ಕೇಳಿದರೆ ಒಂದು ಬಳ್ಳಿಯದು ಕೊಡಬಹುದು. ಎರಡಕ್ಕೂ ಕೊಡುವುದಿಲ್ಲ, ಅದೇ ಟಿಸಿಯಿಂದ ಅವರ ಮನೆಗೂ ಕರೆಂಟ್ ಹೋಗುತ್ತದೆ.